ನೀಲಿ ಮುಚ್ಚಳದ ಸೀಸೆ

ಆ ಭಾನುವಾರ ಬೆಳಿಗ್ಗೆ ವಿಜಯವಾಡದ ಸತ್ಯನಾರಾಯಣಪುರದ ಮನೆಯಲ್ಲಿ ನರಸಿಂಹಮೂರ್ತಿಗಳು ದೇವರಿಗೆ ನೈವೇದ್ಯ ಇಡುತ್ತಿದ್ದಾಗ ನಡುಮನೆಯಲ್ಲಿ ಫೋನು ಬಡಿದುಕೊಂಡಿತು. ಪೂಜೆಯ ನಡುವೆ ಏಳುವ ರೂಢಿ ಅವರ ತಂದೆಯ ಕಾಲದಿಂದಲೂ ಆ ಮನೆತನದಲ್ಲಿ ಇರಲಿಲ್ಲ. ಫೋನು ಬಡಿದು ಬಡಿದು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಡಿಯಿತು. ಅವರು ಕಣ್ಣು ಮುಚ್ಚಿ, ಮಂತ್ರವನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಹಿಡಿದು, ಮಂಗಳಾರತಿ, ಪಾರಾಯಣ ಎಲ್ಲ ಮುಗಿಸಿ ಗಂಟೆಯ ಮೇಲೆ ಎದ್ದರು. ಮೂರನೆಯ ಸಲ ಬಡಿದಾಗ ಎತ್ತಿಕೊಂಡರು.

ಮಾತಾಡಿದವರು ವಿಶಾಖಪಟ್ಟಣದ ಸೂರ್ಯಕಾಂತಮ್ಮ. ಮಧುರವಾಡದಲ್ಲಿ ಅವರ ಮನೆಯ ಮಹಡಿಯ ಮೇಲೆಯೇ ಮೂರ್ತಿಗಳ ಒಬ್ಬಳೇ ಮಗಳು ಜಾಹ್ನವಿ ಬಾಡಿಗೆಗೆ ಇದ್ದದ್ದು.

"ಮೂರ್ತಿಗಾರೂ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂಡಿ. ಅಮ್ಮಾಯಿ ತರಕಾರಿಗೆ ಅಂತ ರೈತು ಬಜಾರಿಗೆ ಹೋಗಿದ್ದಳು. ತಲೆನೋವು ಅಂತ ಅಲ್ಲೇ ಕೂತಳಂತೆ. ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ದರು. ತಲೆಯೊಳಗೆ ನರ ಒಡೆದಿದೆ, ಇನ್ನೇನೂ ಉಳಿದಿಲ್ಲ ಅಂದರು ಡಾಕ್ಟರು."

ಮೂರ್ತಿಗಳು ಗೋಡೆಗೆ ಆತುಕೊಂಡು ನಿಂತರು. ಫೋನಿನ ಗಾಜಿನ ಮೇಲೆ ಮೊದಲ ಎರಡು ಕರೆಗಳ ಗುರುತು ಹಾಗೇ ಇತ್ತು. ಎರಡೂ ಜಾಹ್ನವಿಯ ಫೋನಿನಿಂದಲೇ ಬಂದಿದ್ದವು. ಬಜಾರಿನಲ್ಲಿ ಯಾರೋ ಪುಣ್ಯಾತ್ಮರು ಅವಳ ಫೋನು ತೆಗೆದು 'ಅಪ್ಪ' ಎಂದಿದ್ದ ಹೆಸರನ್ನು ಒತ್ತಿರಬೇಕು. ಆಗ ಅವಳಿಗೆ ಉಸಿರಿತ್ತೋ ಇಲ್ಲವೋ ಯಾರೂ ಹೇಳಲಾರರು. ಅವರು ಕೇಳಲೂ ಇಲ್ಲ.

ಹಾಲು ತರಲು ಹೋಗಿದ್ದ ಹೆಂಡತಿ ಸುಲೋಚನಾ ಮೆಟ್ಟಿಲು ಹತ್ತಿ ಬಂದಾಗ ಅವರ ಬಾಯಿಂದ ಹೊರಟದ್ದು ಇಷ್ಟೇ: "ಜಾಹ್ನವಿಗೆ ಮೈ ಸರಿಯಿಲ್ಲವಂತೆ. ಆಸ್ಪತ್ರೆಗೆ ಸೇರಿಸಿದ್ದಾರಂತೆ. ಹೊರಡು."

ಬಾಡಿಗೆ ಕಾರು ಹೆದ್ದಾರಿ ಹಿಡಿಯಿತು. ಸುಲೋಚನಾ ದಾರಿಯುದ್ದಕ್ಕೂ ಒಂದೊಂದೇ ಕೇಳಿದರು. ಜ್ವರವೇ? ಮಾತಾಡ್ತಾಳಂತಾ? ಊಟಕ್ಕೆ ಏನು ಕೊಟ್ಟಿದಾರಂತೆ? ಮೂರ್ತಿಗಳು ಕಿಟಕಿಯ ಕಡೆ ತಿರುಗಿಕೊಂಡು "ಹೋಗಿ ನೋಡೋಣ" ಎನ್ನುತ್ತಿದ್ದರು. ಗೋದಾವರಿಯ ಸೇತುವೆ ಬಂತು. ಪ್ರತಿ ಸಲವೂ ಅಲ್ಲಿ ನದಿಗೆ ನಾಣ್ಯ ಹಾಕಿ ಕೈಮುಗಿಯುವುದು ಸುಲೋಚನಾರ ವಾಡಿಕೆ. ಅಂದೂ ಚೀಲದಿಂದ ನಾಣ್ಯ ತೆಗೆದು, ಕಿಟಕಿಯ ಗಾಜು ಇಳಿಸಿ, ಕೈಯನ್ನು ಹಾಗೇ ಹಿಡಿದುಕೊಂಡರು.

"ರೀ, ಏನೂಂತ ಬೇಡ್ಕೊಳ್ಳಲಿ? ನೀವೇ ಹೇಳಿ."

ಸೇತುವೆ ಮುಗಿಯಿತು. ನಾಣ್ಯ ಸುಲೋಚನಾರ ಮುಷ್ಟಿಯಲ್ಲೇ ಉಳಿಯಿತು. ಆಮೇಲೆ ವಿಶಾಖಪಟ್ಟಣದವರೆಗೂ ಅವರು ಒಂದು ಮಾತನ್ನೂ ಕೇಳಲಿಲ್ಲ.

ಮೂರ್ತಿಗಳು ಮಧುಗಿರಿಯ ಕಡೆಯವರು. ಬ್ಯಾಂಕಿನ ಕೆಲಸದಲ್ಲಿ ಊರೂರು ವರ್ಗವಾಗಿ ಕೊನೆಗೆ ವಿಜಯವಾಡಕ್ಕೆ ಬಂದಾಗ ಜಾಹ್ನವಿಗೆ ಎಂಟು ವರ್ಷ. ಅವಳ ಓದು ಕೆಡಬಾರದೆಂದು ಅಲ್ಲೇ ನಿಂತರು. ಮಗಳ ಕನ್ನಡ ಅರ್ಧಕ್ಕರ್ಧ ತೆಲುಗಾಯಿತು. ಅಪ್ಪನ ಹತ್ತಿರ ಮಾತ್ರ ಹುಡುಕಿ ಹುಡುಕಿ ಕನ್ನಡದಲ್ಲೇ ಮಾತಾಡುವಳು. ರಸಾಯನಶಾಸ್ತ್ರ ಓದಿದಳು. ಋಷಿಕೊಂಡದ ಬೆಟ್ಟದ ಮೇಲಿನ ಒಂದು ಸಂಶೋಧನಾಲಯದಲ್ಲಿ ನಾಲ್ಕು ವರ್ಷದಿಂದ ಒಂದೇ ಕೆಲಸದ ಬೆನ್ನು ಹಿಡಿದಿದ್ದಳು. ಏನಮ್ಮ ಅದು ಎಂದು ಕೇಳಿದಾಗ ಅವಳು ಹೇಳಿದ್ದನ್ನು ಮೂರ್ತಿಗಳು ಮರೆತಿರಲಿಲ್ಲ.

"ಅಪ್ಪಾ, ನಮ್ಮ ಮೈಯೊಳಗೆ ಒಲೆ ಉರೀತಾ ಇದೆ ಅಂದ್ಕೊಳ್ಳಿ. ಒಲೆ ಅಂದಮೇಲೆ ಕಿಡಿ ಹಾರಲ್ವಾ? ನಾವು ಉಸಿರಾಡೋ ಆಮ್ಲಜನಕದಿಂದಲೇ ಹುಟ್ಟೋ ಕಿಡಿ. ಒಂದೆರಡು ಹಾರಿದ್ರೆ ಒಳ್ಳೇದೇ, ಗಾಯ ಆದ ಕಡೆಗೆ ಕಾವಲಿನವರನ್ನ ಕರೆಯೋದು ಅದೇ. ಜಾಸ್ತಿ ಆದ್ರೆ ಮನೇನೇ ಸುಡುತ್ತೆ."

"ಮೈಯೊಳಗಿನ ಕಿಡೀನ ಹೊರಗೆ ಕೂತು ಹೇಗೆ ನೋಡ್ತೀಯ?"

"ಸೂಜಿ ಇಟ್ಟು."

ಆ ಸೂಜಿ ನಾವು ಕಂಡ ಸೂಜಿಯಲ್ಲ. ಗಾಜಿನ ಸಣ್ಣ ನಳಿಕೆಯೊಳಗೆ ಕೂದಲಿಗಿಂತ ತೆಳುವಾದ ಇಂಗಾಲದ ಎಳೆ, ಅದರ ತುದಿಗೆ, ಒಣಗಿದರೆ ಕೆಡುವ ಎಂಜೈಮಿನ ಲೇಪ. ಗಾಯ ತೊಳೆದಾಗ ನೊರೆಯೇಳುವ ಹೈಡ್ರೋಜನ್ ಪೆರಾಕ್ಸೈಡ್ ಎಂಬ ಔಷಧವಿದೆಯಲ್ಲ, ಅದು ಜೀವಿಗಳ ಮೈಯೊಳಗೂ ಅಣುಮಾತ್ರ ಹುಟ್ಟುತ್ತಿರುತ್ತದೆ. ಜಾಹ್ನವಿ ಕಿಡಿ ಎಂದದ್ದು ಇಂಥವನ್ನೇ. ಅದು ಸೂಜಿಯ ತುದಿಗೆ ತಗುಲಿದರೆ ಎಳ್ಳುಕಾಳಿನಷ್ಟು ವಿದ್ಯುತ್ತು ಹರಿಯುತ್ತದೆ. ಯಂತ್ರ ಅದನ್ನು ಗೆರೆಯಾಗಿ ಬರೆಯುತ್ತದೆ. ಅವಳು ಆ ಸೂಜಿಯನ್ನು ಬೆರಳುದ್ದವೂ ಇಲ್ಲದ ಪಟ್ಟೆಪಟ್ಟೆ ಮೀನುಗಳಿಗೆ ಇಟ್ಟು ನೋಡುತ್ತಿದ್ದಳು. ಜೀವ ಇರುವಾಗಲೇ, ಆ ಗಳಿಗೆಯಲ್ಲೇ, ಕಿಡಿ ಎಷ್ಟು ಎಂದು ತಿಳಿಯುವುದೇ ಆ ಕೆಲಸದ ಹೆಚ್ಚುಗಾರಿಕೆ.

"ಮೀನಿಗೆ ನೋವಾಗಲ್ವೇನೇ?" ಎಂದು ಮೂರ್ತಿಗಳು ಮುಖ ಸಿಂಡರಿಸಿದ್ದರು.

"ಮತ್ತಿನ ನೀರಲ್ಲಿ ಮಲಗಿಸಿರ್ತೀವಿ ಅಪ್ಪಾ. ಮುಗಿದ ಮೇಲೆ ಎದ್ದು, ನನ್ನ ಮೇಲೆ ಸಿಟ್ಟು ಮಾಡ್ಕೊಂಡು, ತೊಟ್ಟಿಯ ಮೂಲೇಲಿ ಬೆನ್ನು ತಿರುಗಿಸಿ ನಿಂತ್ಕೊಳ್ಳುತ್ತೆ. ಥೇಟ್ ನಿಮ್ಮ ಹಾಗೆ."

ತೀರಿಕೊಳ್ಳುವ ಎರಡು ದಿನ ಮೊದಲು, ಶುಕ್ರವಾರ ಸಂಜೆ, ಅವಳು ಫೋನಿನಲ್ಲಿ ಕುಣಿಯುತ್ತಿದ್ದಳು.

"ಅಪ್ಪಾ, ಆರೂ ಮಾತಾಡಿದವು!"

"ಆರು ಮೀನೇ?"

"ಆರು ಸೂಜಿ! ಬಾಲದ ಅಂಚಿಗೆ ಸಣ್ಣ ಗಾಯ, ಗೆರೆ ಹೀಗೆ ಏರಿಬಿಡ್ತು. ಆರಕ್ಕೆ ಆರೂ. ಇನ್ನು ಸೋಮವಾರ ಸೂಜಿಗಳಿಗೆ ಗೊತ್ತಿರೋ ಅಳತೆಯ ಪೆರಾಕ್ಸೈಡ್ ಹಾಕಿ ಇನ್ನೊಂದು ಸಲ ತೂಗಿ ನೋಡಿದ್ರೆ ಮುಗೀತು. ತಕ್ಕಡೀನ ತೂಕಕ್ಕೆ ಮುಂಚೆ ಒಂದು ಸಲ ನೋಡಬೇಕು, ತೂಗಿದ ಮೇಲೂ ಒಂದು ಸಲ ನೋಡಬೇಕು. ಇಲ್ಲದಿದ್ರೆ ಯಾರು ನಂಬ್ತಾರೆ? ಲ್ಯಾಬಿನ ಫ್ರಿಜ್ ಕೆಟ್ಟು ಕೂತಿದೆ ಅಪ್ಪಾ, ಸೂಜಿಗಳನ್ನ ಮನೆಗೇ ತಂದಿದೀನಿ. ಒದ್ದೆಯಾಗಿ ತಣ್ಣಗಿರಬೇಕು ಅವು. ಅಮ್ಮ ಕೊಟ್ಟ ನಿಂಬೆಕಾಯಿ ಉಪ್ಪಿನಕಾಯಿ ಪಕ್ಕದಲ್ಲಿ ಇಟ್ಟಿದೀನಿ."

"ಉಪ್ಪಿನಕಾಯಿ ಪಕ್ಕ ಮೀನಿನ ಸೂಜೀನಾ? ಮಡಿಯಿಲ್ಲ ಮೈಲಿಗೆಯಿಲ್ಲ, ಏನೇ ನೀನು!"

ಅವಳು ಗಟ್ಟಿಯಾಗಿ ನಕ್ಕಳು. ಮಗಳ ದನಿಯಲ್ಲಿ ಅವರು ಕೇಳಿದ ಕೊನೆಯದು ಆ ನಗು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ವಿಶಾಖಪಟ್ಟಣದಲ್ಲೇ ದಹನವಾಯಿತು. ತಂದೆಯೇ ಕರ್ತೃವಾಗಿ ಎಲ್ಲವನ್ನೂ ಮಾಡಬೇಕಾಯಿತು. ಜಾಹ್ನವಿಯ ಜೊತೆ ಆ ಮನೆಯಲ್ಲೇ ಇದ್ದು ಅವಳ ಕೈಕೆಳಗೆ ಕಲಿಯುತ್ತಿದ್ದ ಗಂಗಾಭವಾನಿ ಎಂಬ ಹುಡುಗಿ ಅಳುತ್ತ ಅಳುತ್ತ ಗಾಜುವಾಕದ ತನ್ನ ತಾಯಿಯ ಮನೆಗೆ ಹೋದಳು. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದ ಮೂರ್ತಿಗಳಿಗೆ ಬಾಗಿಲಲ್ಲಿ ಸೂರ್ಯಕಾಂತಮ್ಮ ಎದುರಾದರು.

"ಮನೆಯಲ್ಲಿ ಹಿಡಿದಿಟ್ಟ ನೀರೆಲ್ಲ ಚೆಲ್ಲಿಬಿಡಿ ಅಂಡಿ. ಕೊಡ, ಬಿಂದಿಗೆ, ಬಾಟಲಿ, ಏನೂ ಬಿಡಬೇಡಿ. ಹೆಣ ಇಳಿಸಿದ ಮನೆ, ಒಂದು ಹನಿ ಹಳೆಯ ನೀರು ಉಳೀಬಾರದು."

ಅವರು ಹೇಳಬೇಕಾಗಿಯೂ ಇರಲಿಲ್ಲ. ಮೂರ್ತಿಗಳ ತಾಯಿಯೂ ಹಾಗೇ ಮಾಡುತ್ತಿದ್ದರು. ಸುಲೋಚನಾ ಚಾಪೆಯಿಂದ ಏಳುವ ಸ್ಥಿತಿಯಲ್ಲಿರಲಿಲ್ಲ. ಮೂರ್ತಿಗಳೇ ಬಚ್ಚಲಿನ ಬಕೆಟ್ಟು ಚೆಲ್ಲಿದರು, ಅಡುಗೆಮನೆಯ ಬಿಂದಿಗೆ ಬಗ್ಗಿಸಿದರು, ಫ್ರಿಜ್ಜಿನಲ್ಲಿದ್ದ ಕುಡಿಯುವ ನೀರಿನ ಬಾಟಲಿಗಳನ್ನು ಒಂದೊಂದಾಗಿ ಖಾಲಿ ಮಾಡಿದರು. ಕೊನೆಗೆ ಕೈಗೆ ಸಿಕ್ಕಿದ್ದು ನೀಲಿ ಮುಚ್ಚಳದ ಒಂದು ಪುಟ್ಟ ಸೀಸೆ. ಮುಚ್ಚಳ ತಿರುಗಿಸಿದರೆ ಅದರ ಒಳಮೈಗೆ ಮೇಣದ ಉಂಡೆ, ಅದರಲ್ಲಿ ನೆಟ್ಟ ಗಾಜಿನ ಸಣ್ಣ ಕಡ್ಡಿಗಳು, ಅವುಗಳ ತುದಿ ನೀರಿನಲ್ಲಿ. ಅವರ ಕೈ ತಡೆಯಿತು. ಏನೋ ನೆನಪಾಗಬೇಕು, ಆಗಲೊಲ್ಲದು. ಎರಡು ದಿನದಿಂದ ನಿದ್ದೆಯಿಲ್ಲದ ತಲೆ. ಗಂಗಾಭವಾನಿಯನ್ನು ಒಂದು ಮಾತು ಕೇಳಬಹುದಿತ್ತು. ಫೋನು ಕೈಗೆಟುಕುವಲ್ಲೇ ಇತ್ತು.

"ಆಯ್ತಾ ಅಂಡಿ? ಎಲ್ಲಾ ಚೆಲ್ಲಿದಿರಾ?" ಎಂದು ಸೂರ್ಯಕಾಂತಮ್ಮ ಹೊರಗಿನಿಂದ ಕೂಗಿದರು.

"ಆಯ್ತು ತಾಯಿ" ಎಂದರು ಮೂರ್ತಿಗಳು. ಚೆಲ್ಲಿದರು. ನಲ್ಲಿಯ ನೀರು ಹಿಡಿದು ಎರಡು ಸಲ ಕುಲುಕಿ ತೊಳೆದರು. ಕಡ್ಡಿಗಳು ಮುರಿಯದಂತೆ ಮುಚ್ಚಳವನ್ನು ಜೋಪಾನವಾಗಿ ಅಂಗಾತ ಇಟ್ಟು, ಸೀಸೆಯನ್ನು ಪಕ್ಕದಲ್ಲಿ ಬೋರಲು ಹಾಕಿ, ಕಿಟಕಿಯ ಕಟ್ಟೆಯ ಮೇಲೆ ಒಣಗಲು ಬಿಟ್ಟರು.

ಮರುದಿನ ಬೆಳಿಗ್ಗೆ ಅಸ್ಥಿ ಆರಿಸಿಕೊಂಡು ಬಂದ ಮೇಲೆ ಸುಲೋಚನಾರಿಗೆ ಒಂದು ಲೋಟ ಹಾಲಾದರೂ ಕುಡಿಸೋಣವೆಂದು ಮೂರ್ತಿಗಳು ಫ್ರಿಜ್ಜಿನ ಬಾಗಿಲು ತೆಗೆದರು. ಉಪ್ಪಿನಕಾಯಿಯ ಜಾಡಿ ಇತ್ತು. ಅದರ ಪಕ್ಕದಲ್ಲಿ ಕಾಸಿನಗಲದ ಒಂದು ದುಂಡು ಗುರುತು, ಅಲ್ಲಿದ್ದದ್ದನ್ನು ಯಾರೋ ಎತ್ತಿಕೊಂಡಂತೆ. ಆಗ ಬಂತು ನೆನಪು, ಆ ನಗುವಿನ ಸಮೇತ.

ಅವರು ಕಿಟಕಿಗೆ ಓಡಿದರು. ಪೂರ್ವದ ಬಿಸಿಲು ನೇರವಾಗಿ ಕಟ್ಟೆಯ ಮೇಲೆ ಬಿದ್ದಿತ್ತು. ಗಾಜಿನ ಕಡ್ಡಿಗಳನ್ನು ಮುಟ್ಟಿದರೆ ಬೆಚ್ಚಗಿದ್ದವು. ಆರು. ಎಣಿಸಿ ನೋಡಿದರು, ಮತ್ತೆ ಎಣಿಸಿದರು. ಮೂವತ್ತಾರು ವರ್ಷ ನೌಕರಿ ಮಾಡಿ ಒಂದು ದಿನವೂ ತಪ್ಪು ಮುಚ್ಚಿಡದ ಮನುಷ್ಯ, ಕಳ್ಳನ ಹಾಗೆ ಹಿಂದೆ ಮುಂದೆ ನೋಡಿ, ಹೊಸದಾಗಿ ಬಂದಿದ್ದ ಕ್ಯಾನಿನ ನೀರನ್ನು ಸೀಸೆಗೆ ತುಂಬಿ, ಮುಚ್ಚಳ ಬಿಗಿದು, ಫ್ರಿಜ್ಜಿನ ಆ ದುಂಡು ಗುರುತಿನ ಮೇಲೆಯೇ ಸರಿಯಾಗಿ ಕೂರಿಸಿದರು.

"ಏನು ಮಾಡ್ತಿದೀರಿ?" ಎಂದರು ಸುಲೋಚನಾ ಚಾಪೆಯಿಂದ.

"ಏನಿಲ್ಲ. ನೀರು."

ಒಂದು ಗಂಟೆಯೊಳಗೆ ಗಂಗಾಭವಾನಿ ಬಂದಳು. ಕೈಯಲ್ಲಿ ಐಸು ತುಂಬಿದ ಫ್ಲಾಸ್ಕು. ನೇರವಾಗಿ ಫ್ರಿಜ್ಜಿಗೆ ಹೋಗಿ, ಸೀಸೆಯನ್ನು ಕಂಡು, ಅದನ್ನು ಎದೆಗೆ ಒತ್ತಿಕೊಂಡಳು. ಜಾಹ್ನವಿಯಿಂದ ಕಲಿತ ಮುರುಕು ಕನ್ನಡದಲ್ಲಿ ಹೇಳಿದಳು:

"ಅಂಕಲ್, ದಾರಿಯಲ್ಲಿ ಎಲ್ಲಾ ಭಯ ಆಯಿತು. ಇದು ಇರತ್ತಾ ಇರಲ್ವಾ ಅಂತ. ಅಕ್ಕ ಕೈಯಲ್ಲಿ ಮಾಡಿದ್ದು ಇದೊಂದೇ ಉಳಿದದ್ದು. ಇದು ಸರಿ ಬಂದ್ರೆ ವಿಜ್ಞಾನದ ಪತ್ರಿಕೆಗೆ ಕಳಿಸಿರೋ ಅಕ್ಕನ ಪೇಪರ್ ಬರತ್ತೆ. ಅಕ್ಕನ ಹೆಸರು ಮೊದಲು ಇರತ್ತೆ."

ಮೂರ್ತಿಗಳು ಬಾಯಿ ತೆರೆದರು. ಹುಡುಗಿ ಕಣ್ಣೊರೆಸಿಕೊಂಡು ಅವರ ಕಾಲು ಮುಟ್ಟಲು ಬಗ್ಗಿದಳು. ಸೂತಕದಲ್ಲಿ ನಮಸ್ಕಾರ ಮಾಡಬಾರದೆಂಬ ನೆನಪಾಗಿ ಅರ್ಧಕ್ಕೇ ನಿಂತಳು. ಮೂರ್ತಿಗಳ ತೆರೆದ ಬಾಯಿ ಮುಚ್ಚಿತು. ಅವಳು ಹೊರಟುಹೋದಳು.

ಬಹುಶಃ ಏನೂ ಆಗಿರಲಾರದು, ನೀರಿಗೆ ನೀರು ತುಂಬಿದ್ದೇನಲ್ಲ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಮಧ್ಯಾಹ್ನದ ರೈಲಿನಲ್ಲಿ ಅಸ್ಥಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ವಿಜಯವಾಡಕ್ಕೆ ಬಂದರು. ಬುಧವಾರ ಕೃಷ್ಣೆಯಲ್ಲಿ ಅಸ್ಥಿ ಬಿಟ್ಟರು. ದಿನದಿನದ ಕರ್ಮಗಳು ನಡೆದವು. ಕೈ ದರ್ಭೆ ಹಿಡಿದಿರುವುದು, ಕಿವಿ ಫೋನಿನ ಕಡೆ ಇರುವುದು. ಪುರೋಹಿತ ಕೃಷ್ಣಚೈತನ್ಯರು ಎಡಗೈ ಅಲ್ಲ ಬಲಗೈ ಎಂದು ಎರಡು ಸಲ ತಿದ್ದಿದರು. ಎಲೆಯ ಮುಂದೆ ಕುಳಿತರೆ ಅನ್ನ ಕಲಸಿ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದರು. ದುಃಖಕ್ಕೆ ಹಾಗಾಗುತ್ತದೆಂದು ಎಲ್ಲರೂ ತಿಳಿದರು. ದುಃಖವೂ ಹೌದು, ಆದರೆ ದುಃಖದ ಮೈಗೆ ಇನ್ನೊಂದು ಮುಳ್ಳು ಹೊಕ್ಕಿತ್ತು.

ಶುಕ್ರವಾರ, ಆರನೆಯ ದಿನ, ಗಂಗಾಭವಾನಿಯ ಫೋನು ಬಂತು. ದುಃಖದಲ್ಲಿ ಅವಳ ಕನ್ನಡ ಮರೆತುಹೋಗಿತ್ತು. ತೆಲುಗಿನಲ್ಲೇ ಹೇಳಿದಳು.

"ಆರೂ ಸತ್ತಿವೆ ಅಂಕಲ್. ನಿನ್ನೆ ತೂಗಿ ನೋಡಿದೆ. ಪೆರಾಕ್ಸೈಡ್ ಹನಿ ಹಾಕಿದರೆ ಗೆರೆ ಮಿಸುಕೋದೇ ಇಲ್ಲ. ಮೂರು ಸಲ ನೋಡಿದೆ."

"ಅದಕ್ಕೆ... ನಿಮ್ಮ ಪ್ರೊಫೆಸರು ಏನಂದರು?"

"ಸೂಜಿಗೆ ಪೆರಾಕ್ಸೈಡಿನ ಗುರುತೇ ಇಲ್ಲದಿದ್ದರೆ ಮೀನಿನಲ್ಲಿ ಏರಿದ ಗೆರೆ ಬೇರೆ ಯಾವುದರದೋ ಅಂತಾರೆ. ಮೈಯೊಳಗೆ ಸಾವಿರ ಇರುತ್ತವೆ, ಯಾವುದು ಬೇಕಾದರೂ ಗೆರೆ ಏರಿಸಬಹುದು. ಮೊದಲ ತೂಕ ಅಕ್ಕ ಒಬ್ಬಳೇ ಮಾಡಿ ಬರೆದದ್ದು. ಅದನ್ನೂ ಈಗ ನಂಬೋದು ಹೇಗೆ ಅಂತಾರೆ. ಸೋಮವಾರ ಪತ್ರಿಕೆಯವರಿಗೆ ಬರೆದು ಪೇಪರ್ ವಾಪಸ್ ತಗೊಳ್ತಾರಂತೆ." ಕೊನೆಗೆ ಕೇಳಿದಳು: "ಅಕ್ಕ ಸುಳ್ಳು ಬರೆಯೋಳಲ್ಲ ಅಲ್ವಾ ಅಂಕಲ್?"

ಮೂರ್ತಿಗಳು ಫೋನು ಇಟ್ಟು ದೇವರ ಮನೆಯ ಹೊಸ್ತಿಲ ಹೊರಗೆ ಕುಳಿತರು. ಸೂತಕದಲ್ಲಿ ಒಳಗೆ ಹೋಗುವಂತಿರಲಿಲ್ಲ. ಮುಚ್ಚಿದ ಬಾಗಿಲಿಗೇ ಮುಖ ಮಾಡಿ ಕುಳಿತರು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಸುಮ್ಮನಿದ್ದರೆ ಮಗಳು ಸುಳ್ಳು ಬರೆದವಳಾಗುತ್ತಾಳೆ, ಎದ್ದು ಬಂದು ಅಲ್ಲವೆನ್ನಲು ಅವಳಿಲ್ಲ. ಹೇಳಿದರೆ? ನಾಲ್ಕು ವರ್ಷ ಅವಳು ಕಣ್ಣು ನೋಯಿಸಿಕೊಂಡು ಕಟ್ಟಿದ್ದನ್ನು ಹೆತ್ತ ತಂದೆಯೇ ಬಚ್ಚಲಿಗೆ ಸುರಿದ ಎಂದಾಗುತ್ತದೆ. ಅದೂ ಕೈ ತಡೆದ ಮೇಲೆ, ಒಂದು ಮಾತು ಕೇಳಬಹುದೆಂದು ತೋಚಿದ ಮೇಲೆ.

ಸುಲೋಚನಾ ಬಂದು ಎದುರಿಗೆ ಕುಳಿತರು. "ಏನೂಂತ ಹೇಳಿ. ಮೂರು ದಿನದಿಂದ ನೋಡ್ತಿದೀನಿ."

ಅವರು ಎಲ್ಲವನ್ನೂ ಹೇಳಿದರು. ಸುಲೋಚನಾ ಅಳಲಿಲ್ಲ. ಬೈಯಲಿಲ್ಲ.

"ಕಾರಿನಲ್ಲೂ ಹೀಗೇ ಮಾಡಿದಿರಿ ನೀವು. ನನಗೆ ಗೊತ್ತಾಗಿತ್ತು, ಆದರೂ ನಿಮ್ಮ ಬಾಯಿಂದ ಬರಲಿ ಅಂತ ಗೋದಾವರೀವರೆಗೂ ಕಾದೆ. ನಾನಾದ್ರೆ ಕಾಯ್ತೀನಿ. ಅವಳು ಎಲ್ಲಿ ಕಾಯ್ತಾಳೆ?"

"ಸೂತಕದಲ್ಲಿ ಕರ್ತೃ ಇನ್ನೊಬ್ಬರ ಬಾಗಿಲು ತುಳಿಯಬಾರದು, ಸುಲೋಚನಾ."

"ತುಳೀಬೇಡಿ. ಬಾಗಿಲ ಹೊರಗೆ ನಿಂತು ಹೇಳಿ."

"ಫೋನಿನಲ್ಲಿ ಹೇಳಿದರೆ..."

"ಫೋನಿನಲ್ಲಾ?" ಎಂದರು ಸುಲೋಚನಾ. ಅಷ್ಟೇ ಸಾಕಾಯಿತು.

ಶನಿವಾರ ಬೆಳಗಿನ ರೈಲು ಹಿಡಿದು, ಮಧ್ಯಾಹ್ನ ಋಷಿಕೊಂಡದ ಬೆಟ್ಟ ಹತ್ತುವ ಆಟೋದಲ್ಲಿ ಕುಳಿತಾಗ ಮೂರ್ತಿಗಳು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಕೆಳಗೆ ಸಮುದ್ರ ಕಂಡಿತು, ಅವರು ನೋಡಲಿಲ್ಲ. ಕ್ಷೌರವಿಲ್ಲದ ಮುಖ, ಮಾಸಿದ ಪಂಚೆ. ಕಾವಲಿನವನು ತಡೆದ. ಜಾಹ್ನವಿಯ ತಂದೆ ಎಂದು ತಿಳಿದ ಕೂಡಲೇ ಎದ್ದು ಟೋಪಿ ತೆಗೆದ.

ಸಂಶೋಧನಾಲಯದ ಬಾಗಿಲಿಗೆ ಪ್ರೊಫೆಸರ್ ಕಾಮೇಶ್ವರ ಬಂದರು. ಒಣಕಲು ಮೈಯ, ಕಡಿಮೆ ಮಾತಿನ ಮನುಷ್ಯ. ಅವರ ಹಿಂದೆ ಗಂಗಾಭವಾನಿ.

"ಒಳಗೆ ಬನ್ನಿ ಮೂರ್ತಿಗಾರು."

"ಬರಲಾರೆ, ಸೂತಕ. ಇಲ್ಲೇ ನಿಂತು ಹೇಳುತ್ತೇನೆ. ನೀವು ಸೋಮವಾರ ಪತ್ರ ಬರೆಯಬಾರದು. ಆ ಸೂಜಿಗಳನ್ನು ಸಾಯಿಸಿದವನು ನಾನು."

ಹೊಸ್ತಿಲ ಹೊರಗೆ ನಿಂತೇ ಒಂದೊಂದಾಗಿ ಹೇಳಿದರು. ಚೆಲ್ಲಿದ್ದು, ತೊಳೆದದ್ದು, ಕಿಟಕಿಯಲ್ಲಿಟ್ಟದ್ದು, ಕಳ್ಳನಂತೆ ಮತ್ತೆ ತುಂಬಿದ್ದು. ಗಂಗಾಭವಾನಿಯ ಕೈ ಬಾಯಿಗೆ ಹೋಯಿತು. ಪ್ರೊಫೆಸರರಿಂದ ಬೈಗುಳ ಬರುತ್ತದೆಂದು ಮೂರ್ತಿಗಳು ಕಾದರು. ಬಂದದ್ದು ಪ್ರಶ್ನೆ.

"ತೊಳೆದದ್ದು ಯಾವ ನೀರಿನಲ್ಲಿ?"

"ನಲ್ಲಿ ನೀರು."

"ಎಷ್ಟು ಗಂಟೆಗೆ?"

"ಸೋಮವಾರ ಮೂರು ಗಂಟೆ ಸುಮಾರು. ಮತ್ತೆ ತುಂಬಿದ್ದು ಮಂಗಳವಾರ ಒಂಬತ್ತೂವರೆಗೆ. ಕ್ಯಾನಿನ ನೀರು."

"ಬಿಸಿಲು ಬಿತ್ತಾ?"

"ಮುಟ್ಟಿದರೆ ಬೆಚ್ಚಗಿದ್ದವು."

"ಇದನ್ನೆಲ್ಲ ಬರೆದು ಸಹಿ ಹಾಕಿ ಕೊಡುತ್ತೀರಾ? ಅವಳ ಪುಸ್ತಕಕ್ಕೆ ಅಂಟಿಸಬೇಕು."

ಗಂಗಾಭವಾನಿ ಕಾಗದ ತಂದಳು. ಮೂರ್ತಿಗಳು ಮೊಗಸಾಲೆಯ ಬೆಂಚಿನ ಮೇಲೆ ಕುಳಿತು, ಕಚೇರಿಯಲ್ಲಿ ಬರೆಯುತ್ತಿದ್ದ ಹಾಗೆಯೇ, ದಿನ ಗಂಟೆ ಸಮೇತ ಬರೆದರು. ಕೈ ತಡೆದು ನಿಂತದ್ದನ್ನೂ ಬರೆದರು. ಓದಿದ ಪ್ರೊಫೆಸರು ಆ ಸಾಲಿನ ಹತ್ತಿರ ನಿಂತು, "ಇದು ಬೇಕಿರಲಿಲ್ಲ" ಎಂದರು.

"ಇರಲಿ" ಎಂದರು ಮೂರ್ತಿಗಳು.

"ನೋಡಿ. ನೀವು ಹೇಳಿದ್ದು ನಿಜವೆಂದು ನಾನು ನಂಬುತ್ತೇನೆ. ನನ್ನ ನಂಬಿಕೆಯಿಂದ ಕೆಲಸವಾಗದು. ಜಾಹ್ನವಿ ಬರೆದಿಟ್ಟ ರೀತಿಯಲ್ಲೇ ಈ ಹುಡುಗಿ ಹೊಸ ಸೂಜಿ ಮಾಡಲಿ. ಕೆಲವನ್ನು ಸರಿಯಾಗಿ ಇಡುತ್ತೇವೆ. ಕೆಲವಕ್ಕೆ ನೀವು ಮಾಡಿದ್ದನ್ನೇ ಮಾಡುತ್ತೇವೆ. ಅವು ಸತ್ತರೆ, ತಪ್ಪು ಅವಳದಲ್ಲ. ಸಾಯದಿದ್ದರೆ..."

ಅವರು ಮುಗಿಸಲಿಲ್ಲ. ಮುಗಿಸಬೇಕಾಗಿರಲಿಲ್ಲ. ಸಾಯದಿದ್ದರೆ, ಆ ಆರು ಸೂಜಿಗಳು ಮೊದಲಿನಿಂದಲೂ ಮೂಕವೇ.

ಹೊರಡುವಾಗ ಗಾಜಿನ ಗೋಡೆಯಾಚೆ ತೊಟ್ಟಿಗಳು ಕಂಡವು. ಪಟ್ಟೆಪಟ್ಟೆಯ ಮೀನುಗಳು ಓಡಾಡುತ್ತಿದ್ದವು. ಒಂದರ ಬಾಲದ ಅಂಚು ಸ್ವಲ್ಪ ಮೊಂಡಾಗಿತ್ತು. ಅಲ್ಲಿ ಕನ್ನಡಿಯಂಥ ಹೊಸ ಪೊರೆ ಬೆಳೆಯುತ್ತಿತ್ತು. ಗಂಗಾಭವಾನಿ ಲಿಫ್ಟಿನವರೆಗೆ ಬಂದಳು. ಅವರ ಮುಖ ನೋಡದೆ ಹೇಳಿದಳು:

"ಎರಡು ದಿನ ನಾನು ಅಕ್ಕನ ಮೇಲೆ ಅನುಮಾನ ಪಟ್ಟೆ ಅಂಕಲ್. ಅಕ್ಕನ ಮೇಲೆ! ನಿಮ್ಮ ಮೇಲೆ ನನಗೆ ತುಂಬಾ ಕೋಪ ಇದೆ. ಈಗ ಮಾತಾಡಲ್ಲ. ಸೂಜಿ ಆದ ಮೇಲೆ ಮಾತಾಡ್ತೀನಿ." ಲಿಫ್ಟಿನ ಬಾಗಿಲು ಮುಚ್ಚುವ ಮುನ್ನ ಕೈ ಅಡ್ಡ ಹಿಡಿದು, "ಊಟ ಮಾಡಿ ರೈಲು ಹತ್ತಿ" ಎಂದಳು.

ಆ ಮೇಲಿನ ಐದು ದಿನ ಹೇಗೆ ಕಳೆದವೋ ಮೂರ್ತಿಗಳೇ ಬಲ್ಲರು. ಪ್ರತಿ ಮಧ್ಯಾಹ್ನವೂ ಗಡಿಯಾರ ನೋಡಿ ಲೆಕ್ಕ ಹಾಕುವರು. ಸೋಮವಾರ ಮೂರು ಗಂಟೆಗೆ, ಈಗ ನೀರು ಚೆಲ್ಲಿರಬೇಕು ಎಂದುಕೊಂಡರು. ಮಂಗಳವಾರ ಹತ್ತನೆಯ ದಿನದ ಕರ್ಮದ ನಡುವೆ, ಈಗ ಬಿಸಿಲು ಬಿದ್ದಿರಬೇಕು ಎಂದುಕೊಂಡರು. ಪ್ರಪಂಚದಲ್ಲಿ ಯಾವ ತಂದೆಯೂ ಬೇಡಬಾರದ್ದನ್ನು ಅವರು ಬೇಡುತ್ತಿದ್ದರು. ದೇವರೇ, ಮಗಳ ಕೆಲಸವನ್ನು ಕೊಂದವನು ನಾನೇ ಆಗಿರಲಿ. ಹಾಗಾಗದೆ ಅವಳದೇ ತಪ್ಪೆಂದಾದರೆ? ರಾತ್ರಿಯೂ ಹಗಲೂ ಈ ಒಂದು ಮಾತು ಎದೆಯ ಮೇಲೆ ಕುಳಿತಿತ್ತು. ಸುಲೋಚನಾ ಒಂದು ದಿನ, "ಅವಳು ಸುಳ್ಳು ಬರೆದಿರಲ್ಲ, ಬಿಡಿ" ಎಂದರು. ಇನ್ನೊಂದು ದಿನ, "ಕೈ ತಪ್ಪಿರಬಹುದೇನ್ರೀ?" ಎಂದು ಅವರೇ ಕೇಳಿದರು.

ಹನ್ನೆರಡನೆಯ ದಿನ ಗುರುವಾರ. ಕೃಷ್ಣೆಯ ಘಟ್ಟದಲ್ಲಿ ಮೂರ್ತಿಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಸುಲೋಚನಾ ಮೆಟ್ಟಿಲ ಮೇಲೆ ಕುಳಿತಿದ್ದರು. ಕೃಷ್ಣಚೈತನ್ಯರು ಮಂತ್ರ ಹೇಳಿಕೊಡುತ್ತಿದ್ದರು. ಬೊಗಸೆಗೆ ಎಳ್ಳು ಬಿದ್ದಿತು, ನೀರು ಬಿದ್ದಿತು. ಸುಲೋಚನಾರ ಮಡಿಲಲ್ಲಿ ಫೋನು ಬಡಿದುಕೊಂಡಿತು.

"ಆಫ್ ಮಾಡಿ ಅಂಡಿ ಅದನ್ನ! ಕರ್ಮದ ನಡುವೆ ಏನದು" ಎಂದು ಪುರೋಹಿತರು ರೇಗಿದರು.

ಮೂರ್ತಿಗಳು ಬೊಗಸೆಯ ಎಳ್ಳುನೀರನ್ನು ತಾಮ್ರದ ತಟ್ಟೆಗೆ ಮೆಲ್ಲಗೆ ಇಳಿಸಿ, ನೀರಿನಿಂದ ಮೇಲೆ ಬಂದರು.

"ಮೂರ್ತಿಗಾರೂ, ನಡುವೆ ಏಳಬಾರದು!"

"ಒಂದು ಸಲ ಏಳದೆ ಕೂತಿದ್ದೆ ಸ್ವಾಮೀ" ಎಂದರು ಮೂರ್ತಿಗಳು. ಒದ್ದೆ ಕೈಯಲ್ಲೇ ಫೋನು ಹಿಡಿದರು.

"ಅಂಕಲ್," ಗಂಗಾಭವಾನಿಯ ದನಿ ಏದುಸಿರು ಬಿಡುತ್ತಿತ್ತು. ಕನ್ನಡ ತಿರುಗಿ ಬಂದಿತ್ತು. "ಎಂಟು ಮಾಡಿದೆ. ನಾಲ್ಕು ಒದ್ದೆ, ತಣ್ಣಗೆ. ನಾಲ್ಕು ನೀವು ಬರೆದ ಹಾಗೆ. ಮಧುರವಾಡದ ನಮ್ಮ ಮನೆಯ ನಲ್ಲಿ, ಅದೇ ಕಿಟಕಿ, ಅದೇ ಗಂಟೆ."

"ಹೇಳಮ್ಮ."

"ಒದ್ದೆ ನಾಲ್ಕೂ ಮಾತಾಡ್ತವೆ. ಒಣಗಿದ ನಾಲ್ಕೂ ಸತ್ತು ಹೋದವು. ಅಕ್ಕನ ಆರರ ಹಾಗೇ, ಗೆರೆ ಮೇಲೆ ಗೆರೆ ಇಟ್ಟ ಹಾಗೆ. ಸಾರ್ ಪತ್ರ ಬರೆಯಲ್ಲ. ಸಮಯ ಕೇಳ್ತಾರೆ. ಮೀನಿನಲ್ಲಿ ಮೊದಲಿಂದ ನೋಡಬೇಕು, ಮೂರು ತಿಂಗಳು ಆಗತ್ತೆ. ಅಕ್ಕ ಬರೆದದ್ದು ಸರಿ ಅಂತ ಇನ್ನೂ ಹೇಳೋಕೆ ಆಗಲ್ಲ ಅಂಕಲ್. ತಪ್ಪು ಅಂತ ಮಾತ್ರ ಇನ್ನು ಯಾರೂ ಹೇಳೋ ಹಾಗಿಲ್ಲ."

"ಹಾಗಾದರೆ ನಾನೇ" ಎಂದರು ಮೂರ್ತಿಗಳು.

"ನೀವೇ," ಎಂದಳು ಹುಡುಗಿ, ಅಳುತ್ತ. "ನೀವೇ ಅಂಕಲ್."

ಅವರು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಹನ್ನೆರಡು ದಿನದಿಂದ ಬಾರದ ಕಣ್ಣೀರು ಆಗ ಬಂತು. ಏನೂಂತ ಸುಲೋಚನಾ ಕೇಳಲಿಲ್ಲ; ಅವರ ಮುಖ ನೋಡಿಯೇ ತಿಳಿದುಕೊಂಡರು. ಸೆರಗಿನ ತುದಿಯ ಗಂಟು ಬಿಚ್ಚಿ, ಗೋದಾವರಿಯ ಮೇಲೆ ಕೈಯಲ್ಲೇ ಉಳಿದಿದ್ದ ಆ ನಾಣ್ಯವನ್ನು ತೆಗೆದು, ಕೃಷ್ಣೆಗೆ ಹಾಕಿ ಕೈಮುಗಿದರು. ಏನು ಬೇಡಿಕೊಳ್ಳಬೇಕೆಂದು ಈ ಸಲ ಯಾರನ್ನೂ ಕೇಳಲಿಲ್ಲ.

ಮೂರ್ತಿಗಳು ಎದ್ದು, ಆಚಮನ ಮಾಡಿ, ಮತ್ತೆ ನೀರಿಗೆ ಇಳಿದರು. ಬೊಗಸೆಯಲ್ಲಿ ಎಳ್ಳು, ನೀರು. ಮಂತ್ರ ಮುಗಿದ ಮೇಲೆ ತುಟಿ ಅಲುಗದಂತೆ ತಮ್ಮ ಮಾತಿನಲ್ಲಿ ಹೇಳಿಕೊಂಡರು:

"ನಾರಾಯಣಾ, ಈ ಕೈಯೇ ಅವಳ ನೀರನ್ನು ಚೆಲ್ಲಿತು. ಈ ಕೈಯೇ ಈಗ ಅವಳಿಗೆ ನೀರು ಬಿಡುತ್ತಿದೆ. ಕೈಯ ತಪ್ಪನ್ನು ನೋಡಬೇಡ, ನೀರನ್ನು ಅವಳಿಗೆ ಮುಟ್ಟಿಸು. ಜೀವದೊಳಗಿನ ಕಿಡಿಯನ್ನು ಜೀವಕ್ಕೆ ನೋವಾಗದಂತೆ ಹುಡುಕಿದ ಮಗು ಅದು. ಅವಳೊಳಗಿನ ಉರಿಯೆಲ್ಲ ಆರಲಿ. ದಾರಿಯಲ್ಲಿ ಅವಳಿಗೆ ಬಾಯಾರದಿರಲಿ. ನಿನ್ನ ಪಾದದ ತಂಪಿನಲ್ಲಿ ನನ್ನ ಜಾಹ್ನವಿಗೆ ಶಾಂತಿ ಸಿಗಲಿ."